ಅರ್ಧ ಮಡಿ

ಕೆಂಚನಗುಡ್ಡದ ಪಾಲಯ್ಯ ನಮ್ಮ ನೀರಿನ ಪಾಳಿಯ ದಿನವೇ ಕಾಲುವೆಯ ತೂಬು ಮುಚ್ಚಿ, ನಮ್ಮ ಭತ್ತದ ಸಸಿಮಡಿ ಒಣಗಿಸಿದ. ಕೇಳಲು ಹೋದ ಅವ್ವನಿಗೆ ಜನರ ಮುಂದೆ ಬೈದ. ನಾನು ಸಿರುಗುಪ್ಪದಿಂದ ಕಳೆನಾಶಕ ತಂದು, ಅವನು ಊಟಕ್ಕೆ ಹೋದಾಗ ಅವನ ಸಸಿಮಡಿಗೆಲ್ಲ ಸುರಿದೆ. ಕೈ ಗಬ್ಬು ನಾರಿದರೂ ಮನಸ್ಸು ಕುಣಿಯುತ್ತಿತ್ತು.

ಮೂರನೇ ದಿನ ಆ ಮಡಿ ಪೂರ್ತಿ ಸುಟ್ಟುಹೋಯಿತು. ಸುದ್ದಿ ಕೇಳಿ ಅವ್ವ ಹಣೆ ಬಡಿದುಕೊಂಡಳು.

“ಮಾಡಿದವನ ಕೈಗೆ ಹುಳ ಬೀಳ್ಲಿ! ಪಾಲಯ್ಯಣ್ಣ ತಪ್ಪಾತು ಅಂತ ಬಂದಿದ್ದ. ತನ್ನ ಅರ್ಧ ಮಡಿ ನಮಗ ಬಿಟ್ಟಿದ್ದ. ನಾಳೆ ನಾಟಿಗೆ ಆಳು ಹೇಳೀನಲ್ಲೋ.”

“ನನಗ್ಯಾಕ ಹೇಳಲಿಲ್ಲ?”

“ಅವನ ಹೆಸರು ಎತ್ತಿದ್ರ ತಾಟು ಒಗೀತಿದ್ದಿ. ಹೆಂಗ ಹೇಳ್ಲಿ?”

ಸಂಜೆ ಪಾಲಯ್ಯ ಕುರುಗೋಡಿನ ಬೀಗರ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಸಸಿ ತಂದ. ಕಟ್ಟು ಇಳಿಸಲು ಹೋದ ನನ್ನ ಉಗುರುಗಳಲ್ಲಿ ಉಳಿದಿದ್ದ ಕಳೆನಾಶಕದ ಕಲೆ ನೋಡಿದ. ಅವ್ವನಿಗೆ ಕೇಳದಂತೆ ಅಂದ:

“ನನ್ನ ಮ್ಯಾಲಿನ ಸಿಟ್ಟು ಪೈರಿನ ಮ್ಯಾಲೆ ಯಾಕಲೇ ತೀರಿಸ್ಕೊಂಡಿ? ಇಳಸು, ಅರ್ಧ ನಿಮ್ಮವು.”

ನನ್ನ ಕೈ ನನಗೇ ಹೇಸಿಗೆಯಾಯಿತು. ಅಂಗಿಗೆ ಒರೆಸಿಕೊಂಡು ಹಸಿರು ಕಟ್ಟುಗಳನ್ನು ಇಳಿಸತೊಡಗಿದೆ. ಅವ್ವ ಪಕ್ಕದಲ್ಲೇ ನಿಂತು, ಹುಳ ಬೀಳಲೆಂದು ಇನ್ನೂ ಶಪಿಸುತ್ತಿದ್ದಳು.

“ಸಾಕು ಬಿಡವ್ವ ಊರಮ್ಮ,” ಅವ್ವನ ಕಡೆ ತಿರುಗಿ ಅಂದ ಪಾಲಯ್ಯ. “ಯಾರ ಮಗನೋ ಏನೋ.”