ಮುಂದೆ ಆದಿ ಇಲ್ಲ

"ಅತ್ತು ಮೆಟ್ಟಿಲು ಅತ್ತಿ ಅಂತೆ!" ಲಂಬೂ ಮೊಬೈಲನ್ನು ಊಟದ ಡಬ್ಬಿಗೆ ಒರಗಿಸಿ ನಿಲ್ಲಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. "ಹತ್ತು ಮೆಟ್ಟಿಲು ಹತ್ತೋದಕ್ಕೆ ಯಾಕಪ್ಪಾ ಅಳ್ಬೇಕು?"

"ಲಿಫ್ಟ್ ಕೆಟ್ಟಿದೆಯಲ್ಲ, ಅದಕ್ಕೆ," ಅಂದ ಸಿಡುಕ. "ನಮ್ಮ ಗಿರಾಕಿಗಳು ಅಳೋದೂ ಅದಕ್ಕೇ ತಾನೆ?"

ಇಬ್ಬರೂ ಲಿಫ್ಟ್ ರಿಪೇರಿ ಮಾಡುವವರು. ಕಂಪನಿಯ ಸ್ಟೋರ್ ರೂಮಿನಲ್ಲಿ, ಗ್ರೀಸಿನ ಡಬ್ಬಗಳ ನಡುವೆ ಮೇಜು ಎಳೆದುಕೊಂಡು ಮಧ್ಯಾಹ್ನದ ಊಟಕ್ಕೆ ಕೂತರೆಂದರೆ ಗೇಮ್ ಬಿಟ್ಟು ಬೇರೆ ಮಾತಿಲ್ಲ. ಮದುವೆ ವಯಸ್ಸಿನ ಮಕ್ಕಳಿರುವ ಗಂಡಸರು, ಆದರೂ ಯಾವ ಗೇಮಿನ ಯಾವ ಹಂತದಲ್ಲಿ ಯಾರು ಸತ್ತರು ಅನ್ನುವುದನ್ನು ಸ್ವಂತ ನೆಂಟರು ಸತ್ತಷ್ಟು ಸಂಕಟದಿಂದ ಹೇಳಿಕೊಳ್ಳುತ್ತಿದ್ದರು. ಗೇಮ್ ಮಾಡಿದವರನ್ನು ಬೈಯುವುದರಲ್ಲಂತೂ ಎತ್ತಿದ ಕೈ. ಈ ವಾರ ಅವರ ಬಾಯಿಗೆ ಸಿಕ್ಕಿದ್ದು 'ನಿಂತ ಲಿಫ್ಟು' ಅನ್ನುವ ಹೊಸ ಗೇಮು. ಒಂಬತ್ತು ಮಹಡಿಯ ಪಾಳು ಕಟ್ಟಡ. ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ. ಮೆಕ್ಯಾನಿಕ್ ಒಬ್ಬ ಗೋಡೆಯ ಬೋರ್ಡುಗಳನ್ನು ಓದಿಕೊಂಡು, ಮೆಟ್ಟಿಲು ಹತ್ತಿ ಅವರನ್ನು ಬಿಡಿಸಬೇಕು. ತಮ್ಮದೇ ಕೆಲಸದ ಗೇಮು ಬಂದರೆ ಯಾರು ಬಿಡುತ್ತಾರೆ?

"ನಗೋದು ಇರಲಿ, ಒಂದು ಮಾತು ಹೇಳ್ತೀನಿ," ಸಿಡುಕ ಬೆರಳು ನೆಕ್ಕುತ್ತ ಹೇಳಿದ. "ಐದನೇ ಮಹಡೀಲಿ ಬಾಗಿಲಿಗೆ ಕಿವಿ ಇಟ್ಟಾಗ ಲಿಫ್ಟ್ ಎಳೆಯೋ ತಂತಿಹಗ್ಗದ ಸದ್ದು ಕೇಳುತ್ತಲ್ಲ, ಅದು ಸುಳ್ಳು ಸದ್ದಲ್ಲ. ಗ್ರೀಸ್ ಒಣಗಿದ ಹಗ್ಗ ಥೇಟ್ ಹಾಗೇ ಕಿರುಗುಟ್ಟೋದು. ನನಗೆ ಮೈ ಜುಮ್ ಅಂತು ಕಣೋ."

"ಸದ್ದು ಸರಿ ಮಾರಾಯ, ಬೋರ್ಡು? ಅಕ್ಷರ ನೋಡಿದ್ರೆ ಮುತ್ತು, ಓದಿದ್ರೆ ಕುತ್ತು! ಅಕ್ಕಾ, ನೀವು ಇದನ್ನ ನೋಡ್ಲೇಬೇಕು. 'ಮುಂದೆ ಆದಿ ಇಲ್ಲ. ಇಂದೆ ಓಗಿ.' ಇವತ್ತೇ ಎಲ್ಲಿಗೆ ಓಗಬೇಕಂತೆ?"

ಅಕ್ಕ ಅಂದರೆ ಸ್ಟೋರು ನೋಡಿಕೊಳ್ಳುವವಳು. ಸ್ಕ್ರೂಗಳನ್ನು ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. ಹೇಗೆ ಎತ್ತಿಯಾಳು? ಆ ಗೇಮ್ ಮಾಡಿದ್ದೇ ಅವಳು. ಮೂರು ವರ್ಷ, ಭಾನುವಾರವೂ ಬಿಡದೆ, ಮನೆಯ ಹಳೇ ಕಂಪ್ಯೂಟರಿನಲ್ಲಿ. ಹಗ್ಗದ ಸದ್ದನ್ನು ಕಂಪನಿಯ ಗಿರಾಕಿಯೊಬ್ಬರ ಕಟ್ಟಡದಲ್ಲೇ ಕದ್ದು ರೆಕಾರ್ಡ್ ಮಾಡಿಕೊಂಡಿದ್ದಳು. ಮ್ಯಾನೇಜರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಗೇಮಿನಲ್ಲಿ ಹೆಸರೂ ಹಾಕಿಕೊಂಡಿರಲಿಲ್ಲ.

ಸುಮ್ಮನಿದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ನಗದಿದ್ದರೆ ಸಿಕ್ಕಿಬೀಳುತ್ತೇನೆ ಅನ್ನಿಸಿತು. ನಾಲಿಗೆಗೆ ಎಲುಬಿಲ್ಲ ನೋಡಿ.

"ಆದಿ ಇಲ್ಲ ಅಂತ ಗೋಳಾಡ್ತಿದ್ದಾನಲ್ಲ," ಅಂದಳು, "ಆದಿಮಾನವನೇ ಇರ್ಬೇಕು."

ಲಂಬೂ ಮೇಜು ಗುದ್ದಿದ. ಸಿಡುಕನಿಗೆ ನಕ್ಕು ನಕ್ಕು ಅನ್ನ ನೆತ್ತಿಗೆ ಹತ್ತಿತು. ಸಂಜೆಯ ಹೊತ್ತಿಗೆ ಲಂಬೂ ಅದನ್ನು ಗೇಮ್ ಆಡುವವರ ದೊಡ್ಡ ಗುಂಪಿಗೆ ಹಾಕಿಯೂ ಆಗಿತ್ತು. ಎರಡು ದಿನದಲ್ಲಿ ಸಾವಿರಾರು ಜನ 'ಆದಿಮಾನವ' ಅನ್ನತೊಡಗಿದರು. ಗುಹೆಯ ಗೋಡೆ ಕೆರೆಯುತ್ತ ಕೂತ, ಮೈತುಂಬ ಕೂದಲಿನ ಮನುಷ್ಯನ ಚಿತ್ರವನ್ನೂ ಯಾರೋ ಬರೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದರೆ ಬೋರ್ಡು ಬರೆದವಳು ಅವಳಲ್ಲ. ಅವಳ ಅಣ್ಣ.

ಅಣ್ಣ ಮೂವತ್ತು ವರ್ಷ ಬೋರ್ಡು ಬರೆದು ಮನೆ ನಡೆಸಿದವನು. ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯುತ್ತಿದ್ದ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿಕೊಂಡು ಗೋಡೆಗೋ ತಗಡಿಗೋ ಇಳಿಸುವುದು, ಅಷ್ಟೇ ಅವನ ಕೆಲಸ. ಚೀಟಿಯಲ್ಲಿ ತಪ್ಪಿಲ್ಲದಿದ್ದರೆ ಬೋರ್ಡಿನಲ್ಲೂ ಇರುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಗಂಟೆಯಲ್ಲಿ ಬೋರ್ಡು ಅಚ್ಚು ಹಾಕುವ ಯಂತ್ರಗಳು ಬಂದವು, ಗಿರಾಕಿಗಳು ಹೋದರು. ಕುಂಚಗಳು ಡಬ್ಬದಲ್ಲಿ ಗಟ್ಟಿಯಾದವು. ಮನುಷ್ಯನೂ ಹಾಗೇ ಆದ. ಬೆಳಗಿನಿಂದ ಸಂಜೆವರೆಗೆ ಕಿಟಕಿ ಹತ್ತಿರ ಕುರ್ಚಿಯಲ್ಲಿ.

ಅದನ್ನು ನೋಡಲಾರದೆ ತಂಗಿ ಕೇಳಿದ್ದಳು: "ನನ್ನ ಗೇಮಿಗೆ ಬೋರ್ಡು ಬರ್ಕೊಡಣ್ಣ."

"ಚೀಟಿ ಕೊಡು."

"ಚೀಟಿ ಗೀಟಿ ಇಲ್ಲ. ಏನು ಬರೀಬೇಕೋ ನೀನೇ ಯೋಚನೆ ಮಾಡಿ ಬರಿ."

ಅವನ ಮುಖ ಹೇಗಾಯಿತು ಅಂತೀರಿ! ಐವತ್ತೈದು ವರ್ಷದ ಮನುಷ್ಯ, ತನ್ನ ಸ್ವಂತ ಮಾತನ್ನು ಅಕ್ಷರದಲ್ಲಿ ಬರೆಯುತ್ತಿದ್ದುದು ಅದೇ ಮೊದಲು. ಹಾಳೆಗಳ ಮೇಲೆ ನೂರಕ್ಕೂ ಹೆಚ್ಚು ಬೋರ್ಡು ಬರೆದ, ತಂಗಿ ಅವುಗಳ ಫೋಟೋ ತೆಗೆದು ಗೇಮಿಗೆ ಹಾಕಿದಳು. ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಬರೆದ. ಅವರ ಮನೆಯಲ್ಲಿ 'ಹ' ಅನ್ನುವ ಅಕ್ಷರವನ್ನು ಯಾರೂ ಉಸಿರಾಡಿದವರೇ ಅಲ್ಲ. ಅಪ್ಪ ಹಾಲಿಗೆ ಆಲು ಅಂದ, ಅಮ್ಮ ಹಾಸಿಗೆಗೆ ಆಸಿಗೆ ಅಂದಳು, ಮಕ್ಕಳೂ ಅದನ್ನೇ ಅಂದರು. ತಂಗಿ ಕೆಲಸಕ್ಕೆ ಸೇರಿದ ಮೇಲೆ, ಫೋನಿನಲ್ಲಿ ನಾಲ್ಕು ಜನ ನಕ್ಕ ಮೇಲೆ, 'ಹ' ಕಲಿತಳು. ಆದರೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಿದ್ದಳು. ಹಾಗಾದರೆ ಬೋರ್ಡಿನ ತಪ್ಪು ಅವಳಿಗೆ ಕಾಣಲಿಲ್ಲವೇ? ಕಾಣಲಿಲ್ಲ. ಅಣ್ಣ ಬರೆದದ್ದನ್ನು ಅವಳು ಓದಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಜನ ನಕ್ಕ ಮೇಲೇ ಕಂಡದ್ದು.

"ಏಳು, ಏನಂದ್ರು ಜನ?" ಅವಳು ಕೆಲಸದಿಂದ ಬಂದು ಚೀಲ ಇಳಿಸುವ ಮೊದಲೇ ಅಣ್ಣ ಕೇಳುತ್ತಿದ್ದ. "ಬೋರ್ಡಿನ ಬಗ್ಗೆ ಏನಾದ್ರೂ ಏಳಿದ್ರಾ?"

"ಅಕ್ಷರ ಮುತ್ತಿನಂಗೆ ಅಂತ ಏಳಿದ್ರಣ್ಣ."

"ಔದಾ? ಮುತ್ತು ಅಂದ್ರಾ?"

ಅದು ಅರ್ಧ ನಿಜ. ಉಳಿದರ್ಧ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ಅವನಿಗೆ ಗೊತ್ತಾಗದ ಹಾಗೆ ತಿದ್ದಿಬಿಡೋಣವೆಂದು ಹಿಂದೆ ಅವನು ಗಿರಾಕಿಗೆ ಬರೆದಿದ್ದ ಬೋರ್ಡೊಂದರ ಫೋಟೋದಿಂದ 'ಹ' ಕತ್ತರಿಸಿ ಕಂಪ್ಯೂಟರಿನಲ್ಲಿ ಗೇಮಿನ ಬೋರ್ಡಿಗೆ ಅಂಟಿಸಿ ನೋಡಿದಳು. ಕುಂಚದ ಅಕ್ಷರ, ಒಂದರ ಓರೆ ಇನ್ನೊಂದಕ್ಕಿಲ್ಲ. ಕಟ್ಟಿಸಿದ ಹಲ್ಲಿನ ಹಾಗೆ ಎದ್ದು ಕಂಡಿತು. ನಾಳೆ ನೋಡೋಣ, ಅಂದುಕೊಂಡಳು. ಅವನಿಗೆ ಹೇಳುವುದೂ ನಾಳೆಗೇ ಹೋಯಿತು. ಅವನು ಮತ್ತೆ ಕುರ್ಚಿಗೆ ಹೋಗಿ ಕೂತುಬಿಟ್ಟರೆ ಅನ್ನುವ ಹೆದರಿಕೆ ಅವಳಿಗೆ, ಬೇರೆ ಏನೂ ಅಲ್ಲ.

ಒಂದು ದಿನ ಅವಳು ಕನ್ನಡಕ ಮರೆತು ಕೆಲಸಕ್ಕೆ ಬಂದಿದ್ದಳು. ಅಣ್ಣ ತಂದುಕೊಡಲು ಬಂದ. ಊಟದ ಹೊತ್ತು. ಅವಳು ಒಳಗಿನ ಕಪಾಟಿನ ಸಾಲಿನಲ್ಲಿ ಬೇರಿಂಗು ಹುಡುಕುತ್ತಿದ್ದಳು.

"ಬನ್ನಿ ಬನ್ನಿ, ಅಕ್ಕ ಒಳಗಿದ್ದಾರೆ, ಕೂತ್ಕೊಳ್ಳಿ," ಲಂಬೂ ಸ್ಟೂಲು ಎಳೆದುಕೊಟ್ಟ. ಒಳ್ಳೆಯವನು ಲಂಬೂ, ಯಾರನ್ನೂ ಸುಮ್ಮನೆ ಕೂರಿಸುವ ಜಾಯಮಾನವಲ್ಲ ಅವನದು. "ಅಣ್ಣಾವ್ರೇ, ಇದನ್ನ ನೋಡಿ, ನಿಮಗೂ ಸ್ವಲ್ಪ ನಗು ಬರ್ಲಿ." ಮೊಬೈಲು ಮುಂದೆ ಹಿಡಿದ.

ಅಣ್ಣ ನೋಡಿದ. ತನ್ನ ಅಕ್ಷರ. ಮುಖ ಅರಳಿತು. ಬೇರೆಯವರ ಮೊಬೈಲಿನಲ್ಲಿ, ಗುರುತಿಲ್ಲದವರ ಕೈಯಲ್ಲಿ! ನಾನೇ ಬರೆದದ್ದು ಅನ್ನಬೇಕೆಂದು ಬಾಯಿ ತೆರೆದವನು, ಹೆಸರು ಹೇಳಬಾರದೆಂದು ತಂಗಿ ಹೇಳಿದ್ದು ನೆನಪಾಗಿ ಜೋರಾಗಿ ಓದಿದನಷ್ಟೇ. "ಮುಂದೆ ಆದಿ ಇಲ್ಲ. ಇಂದೆ ಓಗಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಯಾಕೆ?" ಅಣ್ಣ ಅವರ ಮುಖ ನೋಡಿದ. "ಚೆನ್ನಾಗೇ ಬರ್ದಿದ್ದಾನಲ್ಲ? ಇದ್ರಲ್ಲಿ ನಗೋದು ಏನಿದೆ?"

"ಅಯ್ಯಯ್ಯೋ, ಅಣ್ಣಾವ್ರು ಭಾರೀ ತಮಾಷೆ!" ಲಂಬೂ ಕಣ್ಣೊರೆಸಿಕೊಂಡ. "ಮುಖದಲ್ಲಿ ನಗುವೇ ಇಲ್ಲದೆ ಹೇಳ್ತಾರೆ ನೋಡೋ!"

ಸಿಡುಕ ನಗು ನಿಲ್ಲಿಸಿದ. ಈ ಮನುಷ್ಯ ತಮಾಷೆ ಮಾಡುತ್ತಿಲ್ಲ ಅನ್ನುವುದು ಅವನಿಗೆ ಹೊಳೆದಿರಬೇಕು. "ಹಾದಿ ಅಂತ ಇರ್ಬೇಕಿತ್ತು ಅಣ್ಣ," ಅಂದ ಮೆಲ್ಲಗೆ. "ಹ ಬಿಟ್ಟುಬಿಟ್ಟಿದ್ದಾನೆ. ಹಿಂದೆ ಹೋಗಿ. ಎಲ್ಲಾ ಕಡೆ ಹಂಗೇ."

"ಉಸಿರು ಬಿಡ್ಬೇಕು, ಹ!" ಲಂಬೂ ಅಂಗೈ ಮೇಲೆ ಊದಿ ತೋರಿಸಿ, ಗುಹೆಯ ಮನುಷ್ಯನ ಚಿತ್ರ ತೆರೆದು ಮೊಬೈಲನ್ನು ಅವನ ಕೈಗೆ ಕೊಟ್ಟ. "ಅದಕ್ಕೇ ಇವನಿಗೆ ಆದಿಮಾನವ ಅಂತ ಹೆಸರು. ಊರೆಲ್ಲಾ ಅದನ್ನೇ ಕರೀತಿದೆ. ಆ ಹೆಸರು ಇಟ್ಟೋರು ಯಾರು ಗೊತ್ತಾ? ನಿಮ್ಮ ತಂಗೀನೇ! ನಮ್ಮ ಅಕ್ಕ!"

ಬೇರಿಂಗು ಹಿಡಿದುಕೊಂಡು ಬಂದ ಅಕ್ಕ ಕಪಾಟಿನ ಪಕ್ಕದಲ್ಲೇ ನಿಂತುಬಿಟ್ಟಳು.

ಅಣ್ಣ ಗುಹೆಯ ಮನುಷ್ಯನ ಚಿತ್ರವನ್ನು ತುಂಬ ಹೊತ್ತು ನೋಡಿದ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಲಂಬೂಗೆ ವಾಪಸು ಕೊಟ್ಟ. ಎದ್ದು ಬಂದು ಕನ್ನಡಕದ ಡಬ್ಬಿಯನ್ನು ಅವಳ ಮುಂದೆ ಹಿಡಿದ. ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ತಗೋ," ಅಂದ. ಹೊರಟುಹೋದ.

ಸಂಜೆ ಮನೆಗೆ ಬಂದಾಗ ಅವನು ದೀಪ ಹಾಕದೆ ಕುರ್ಚಿಯಲ್ಲಿ ಕೂತಿದ್ದ. ಅವಳು ಅವನ ಕಾಲ ಹತ್ತಿರ ನೆಲದ ಮೇಲೆ ಕುಸಿದಳು. "ಅಣ್ಣಾ, ತಪ್ಪಾಯ್ತು. ಅವ್ರು ನಗ್ತಿದ್ರು. ನಗ್ದೇ ಓದ್ರೆ ಅನುಮಾನ ಪಡ್ತಾರೆ ಅಂತ ಬಾಯಿಗೆ ಬಂದಿದ್ದು ಏಳ್ಬಿಟ್ಟೆ. ನನ್ನ ಬಾಯಿಗೆ ಬೆಂಕಿ ಬೀಳ..."

"ಅಂಗೆ ಮಾತಾಡ್ಬೇಡ ನನ್ನತ್ರ," ಅಂದ. "ಆಫೀಸಲ್ಲಿ ಎಂಗೆ ಮಾತಾಡ್ತೀಯೋ ಅಂಗೇ ಮಾತಾಡು."

ಅವಳು ಅವನ ಪಾದ ಹಿಡಿದುಕೊಂಡಳು.

"ಎಸರು ಇಟ್ಟಿದ್ದಕ್ಕೆ ಬೇಜಾರಿಲ್ಲ ಕಣೇ. ನಗೋರ ಜೊತೆ ನಕ್ಕೆ, ಬಿಡು. ಮೂವತ್ತು ವರ್ಷ ಚೀಟಿ ನೋಡಿ ಬರ್ದೆ. ಗೊತ್ತಿಲ್ದೇ ಇದ್ದಿದ್ದು ಗೊತ್ತಿಲ್ದೇನೇ ನಡ್ದೋಯ್ತು. ನೀನು ಗೊತ್ತಾದ ಮೇಲೂ ಏಳ್ಲಿಲ್ವಲ್ಲ. ದಿನಾ ಸಂಜೆ ನಾನು ಕೇಳ್ತಿದ್ನಲ್ಲೇ. ಮುತ್ತು ಅಂದ್ರು ಅಂತ ಏಳ್ತಿದ್ದೆ. ನಾನು ಆ ಮಾತು ಇಟ್ಕೊಂಡು ರಾತ್ರಿ ಮಲಗ್ತಿದ್ದೆ."

ಮಾರನೆಯ ದಿನದಿಂದ ಅವನ ಮಾತು ಕಡಿಮೆಯಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಬಣ್ಣದವನೇ ಅದನ್ನು ನಂಬಿಬಿಟ್ಟ. ಅಂಗಡಿಗೆ ಹೋದರೆ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದನಂತೆ. ಫೋನು ಬಂದರೆ ತಂಗಿಯ ಕಡೆ ತಳ್ಳುತ್ತಿದ್ದ. ಪಕ್ಕದ ಮನೆಯವರು "ಊಟ ಆಯ್ತಾ?" ಅಂದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಆಫೀಸಿನಲ್ಲಿ ಲಂಬೂ ಮತ್ತೊಂದು ಗೇಮಿಗೆ ದಾಟಿಕೊಂಡಿದ್ದ. ಆದಿಮಾನವನನ್ನು ಅವನು ಮರೆತೇಬಿಟ್ಟಿದ್ದ. ನಗುವವರಿಗೇನು, ಎಂಟು ದಿನದ ಬಾಳು ಅದು.

ಭಾನುವಾರ ಮಧ್ಯಾಹ್ನ ಅಣ್ಣ ನೆಲದ ಮೇಲೆ ಹಾಳೆಗಳನ್ನು ಹರಡಿದ. ಕಪ್ಪು ಬಣ್ಣ ಕಲಸಿದ. ಹಳೆಯ ಬೋರ್ಡುಗಳ ಕಟ್ಟನ್ನು ಪಕ್ಕದಲ್ಲಿ ಇಟ್ಟುಕೊಂಡ.

"ಕೂತ್ಕೋ," ಅಂದ. "ಎಲ್ಲಾ ತಿರ್ಗ ಬರೀತೀನಿ."

"ಬೇಡಣ್ಣ. ಹಾಗೇ ಇರ್ಲಿ. ನನಗೆ ಅದೇ ಇಷ್ಟ."

ಅವನು ಕೇಳಿಸಿಕೊಳ್ಳಲೇ ಇಲ್ಲ. ಮೊದಲ ಬೋರ್ಡು ತೆಗೆದು, ಒಂದು ಮಾತಿನ ಮೇಲೆ ಕುಂಚದ ಹಿಡಿಯನ್ನಿಟ್ಟ. ಆ ಮಾತನ್ನು ಬಾಯಲ್ಲಿ ಹೇಳಲಿಲ್ಲ. "ಇದಕ್ಕೆ ಆ ಅಕ್ಷರ ಬರುತ್ತಾ?"

"ಬರುತ್ತೆ."

ಬರೆದ. ಎಷ್ಟು ಚೆಂದದ 'ಹ'! ಹೊಟ್ಟೆ ತುಂಬಿ, ತುದಿ ತಿರುಗಿ, ಒಂದೇ ಎಳೆತಕ್ಕೆ. ಗಿರಾಕಿಗಳಿಗೆಂದು ಸಾವಿರಾರು ಬಾರಿ ಬರೆದ ಕೈ ಅದು.

"ಇದಕ್ಕೆ?"

"ಬರುತ್ತೆ."

"ಇದಕ್ಕೆ?"

"ಅದಕ್ಕೆ ಬರಲ್ಲಣ್ಣ."

ಹೀಗೇ ಇಪ್ಪತ್ತು ಬೋರ್ಡಾಯಿತು, ಮೂವತ್ತಾಯಿತು. ಬರಬರುತ್ತ ಅವನು ಸರಿ ಇದ್ದ ಮಾತುಗಳ ಮೇಲೂ ಕುಂಚ ಇಡತೊಡಗಿದ. ಎಲೆಗೆ ಬರುತ್ತಾ? ಒಳಗೆ ಅನ್ನೋದಕ್ಕೆ? ಇಲಿಗೆ? ತನ್ನ ಕಿವಿಯನ್ನೇ ನಂಬದವನಾಗಿದ್ದ. ಪ್ರತಿ ಸಲ ಕೇಳಿ ಅವಳ ಬಾಯಿಯನ್ನೇ ನೋಡುತ್ತಿದ್ದ, ಚೀಟಿಗೆ ಕಾಯುವವನ ಹಾಗೆ.

ಒಂಬತ್ತನೇ ಮಹಡಿಯ ಹಾಳೆ ಬಂತು. ಲಿಫ್ಟಿನೊಳಗೆ ಸಿಕ್ಕಿಬಿದ್ದ ಹುಡುಗಿ ಬಾಗಿಲ ಸಂದಿಯಿಂದ ಹೊರಗೆ ತೂರಿಸುವ ಕಾಗದ. ಅದರಲ್ಲಿ ಎರಡೇ ಮಾತು: ಅಣ್ಣಾ, ಇದ್ದೀಯಾ? ಅದನ್ನೂ ಅವನೇ ಯೋಚಿಸಿ ಬರೆದದ್ದು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಅವನು ಹೊಸ ಹಾಳೆ ಎಳೆದುಕೊಂಡ. ಮೊದಲ ಅಕ್ಷರದ ಮೇಲೆ ಕುಂಚದ ಹಿಡಿ ಇಟ್ಟು ತಲೆ ಎತ್ತಿದ.

"ಅಣ್ಣ ಅನ್ನೋದಕ್ಕೆ ಬರುತ್ತಾ?"

ಇಲ್ಲ ಅನ್ನಬೇಕೆಂದು ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ, ಬರೀ ಉಸಿರು ಬಂತು, ಅಂಗೈಗೆ ಊದಿದ ಹಾಗೆ.

ಅವನು ಸರಿ ಅನ್ನುವ ಹಾಗೆ ತಲೆಯಾಡಿಸಿದ. ಕುಂಚವನ್ನು ಬಣ್ಣಕ್ಕೆ ಅದ್ದಿ, ಡಬ್ಬದ ಅಂಚಿಗೆ ಒರೆಸಿ, ಹಾಳೆಯ ತಲೆಗೆ ದೊಡ್ಡದೊಂದು 'ಹ' ಬರೆದ.