ಹೊಸಿಲ ಒಳಗಿನ ಹಸಿರು

ನಾನು ಒಂದು ಟ್ಯೂಬ್‌ಲೈಟು. ನನ್ನ ಗಾಜಿನ ಕೊಳವೆಯೊಳಗೆ ಚೂರು ಪಾದರಸದ ಆವಿ ಇದೆ. ವಿದ್ಯುತ್ತು ಹರಿದಾಗ ಅದು ಸೂಸುವ ಬೆಳಕು ಬಹುಪಾಲು ಕಣ್ಣಿಗೆ ಕಾಣುವಂಥದ್ದಲ್ಲ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಹೀರಿ, ಕಾಣುವ ಬೆಳಕಾಗಿಸುತ್ತದೆ. ಕಾರ್ಖಾನೆಯಲ್ಲಿ ಮೊದಲ ಸಲ ಹೊತ್ತಿಕೊಂಡಾಗ ಯಾರೋ "ಹಾಲಿನಂತಿದೆ" ಎಂದರು. ನಾನು ಅದನ್ನು ನಂಬಿದೆ. ಎಲ್ಲವನ್ನೂ ಇದ್ದ ಹಾಗೆ ತೋರಿಸುತ್ತೇನೆ ಎಂದುಕೊಂಡೆ.

ಕಮತಗಿಯ ನೂಲಿನ ವ್ಯಾಪಾರಿ ಚನಮಲ್ಲಪ್ಪ ನನ್ನನ್ನು ತಂದು ಅಂಗಡಿಯ ಒಳಕೋಣೆಯಲ್ಲಿ ತೂಗುಹಾಕಿದ. ಅಲ್ಲಿನ ನೇಕಾರರು ನೂಲು ಕೊಳ್ಳುವ ಮುಂಚೆ ಹೊಸಿಲು ದಾಟಿ, ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಂದು ಬಗೆಯ ಹಸಿರು ನೂಲು ಮಾತ್ರ ಹಾಗೆ ಹೊರಗೆ ಹೋಗಿ ಪ್ರತಿಸಲ ಮಾರಾಟವಾಗದೆ ಹಿಂದಿರುಗುತ್ತಿತ್ತು. ನನ್ನ ಕೆಳಗೆ ಅದು ಗರಿಕೆಯ ಹಸಿರು. ಹೊರಗೆ ಏನಾಗುತ್ತಿತ್ತೋ ನಾನರಿಯೆ. ಚನಮಲ್ಲಪ್ಪ ಬಲ್ಲ.

ಒಂದು ದಿನ ನೇಕಾರಗಿತ್ತಿ ಗುರುಬಸವ್ವ ಬಂದಳು. ಬಸುರಿ ಮಗಳು ದಾನಮ್ಮನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನ ಹಸಿರು ಸೀರೆಯನ್ನು ತಾನೇ ನೇಯುತ್ತಿದ್ದಳು. ನೂಲು ಅರ್ಧಕ್ಕೇ ತೀರಿತ್ತು. ಉಳಿದಿದ್ದ ಎಳೆಯನ್ನು ಚನಮಲ್ಲಪ್ಪ ಕೊಟ್ಟ, ಮಾರಾಟವಾಗದೆ ಉಳಿದಿದ್ದ ಆ ಹಸಿರು ನೂಲಿನ ಲಡಿಯ ಪಕ್ಕ ಇಟ್ಟಳು. ನನ್ನ ಕೆಳಗೆ ಎರಡೂ ಒಂದೇ ಬಣ್ಣ.

"ಒಂದಿಷ್ಟು ಬಿಸಿಲಿಗೆ ಹಿಡಿದು ನೋಡ್ತೀನ್ರಿ."

"ನೋಡವಾ, ಬ್ಯಾಡ ಅಂದೋರ್ಯಾರು. ಇಷ್ಟು ವರ್ಷ ನನ್ನ ಕಡೆ ನೂಲು ಒಯ್ದಿ. ನಿನ್ನ ಮಗಳ ಕುಬಸಕ್ಕ ನಾ ಮೋಸ ಮಾಡ್ತೀನೇನು?"

ಆಕೆಗೆ ನಾಚಿಕೆಯಾಯಿತು. ಲಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಆಗ ಅವನು ನನ್ನನ್ನು ಕೊಕ್ಕೆಯಿಂದ ಇಳಿಸಿದ. "ನಿನ್ನ ಮಗ್ಗದ ಕೋಣ್ಯಾಗ ಭಾಳ ಕತ್ತಲಿ. ಈ ಲೈಟ್ ಒಯ್ಯಿ. ದಾನಮ್ಮಗ ಮಾವನ ಉಡುಗೊರಿ ಅಂತ ತಿಳಕೋ."

ಹೀಗೆ ನಾನು ಉಡುಗೊರೆಯಾದೆ. ಗುಂಡಿಮಗ್ಗದ ಮೇಲೆ ತೂಗುತ್ತ ಆಕೆಯ ಕೈಗಳನ್ನು ನೋಡಿದೆ. ಲಾಳಿ ಓಡಿದಂತೆಲ್ಲ ಸೀರೆ ಬೆಳೆಯಿತು. ಹಳೆಯ ನೂಲು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಆಕೆಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಕುಬಸದ ದಿನ ಬೀಗರು ಬಂದರು. ದಾನಮ್ಮ ನನ್ನ ಕೆಳಗೇ ಸೀರೆ ಉಟ್ಟಳು, ಹೊಸಿಲು ದಾಟಿ ಅಂಗಳದ ಮಣೆಯತ್ತ ನಡೆದಳು. ನಾನು ಬಾಗಿಲಿನ ಮೂಲಕ ನೋಡುತ್ತಿದ್ದೆ. ನೆರಿಗೆಗಳು ಹಸಿರಾಗಿಯೇ ಇದ್ದವು. ಹೊಟ್ಟೆಯ ಮೇಲಿಂದ ಹೆಗಲಿಗೇರಿದ ಭಾಗ ಕಂದು ಬಣ್ಣಕ್ಕೆ ತಿರುಗಿತ್ತು.

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ತುಂಬಿವೆ. ನನ್ನಲ್ಲಿ ಕೆಂಪು ಬಲು ಕಡಿಮೆ. ನೂಲು ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸಬಲ್ಲದು. ನಾನು ಕೊಡದೇ ಇದ್ದ ಕೆಂಪನ್ನು ಆ ನೂಲು ಬಿಸಿಲಿನಿಂದ ಪಡೆದು ಎಲ್ಲರಿಗೂ ತೋರಿಸಿತು.

ದಾನಮ್ಮನ ಅತ್ತೆ ಸೆರಗನ್ನು ಎರಡು ಬೆರಳಲ್ಲಿ ಎತ್ತಿದಳು. "ಹಸಿರು ಉಡಸ್ತೀವಿ ಅಂದಿದ್ರಿ ಬೀಗತೆವ್ವಾ. ಅರ್ಧ ಸೀರಿ ಒಣಗಿದ ಜ್ವಾಳದ ಸೊಪ್ಪಿ ಆಗೇತಲ್ಲ. ಮೊಮ್ಮಗ ದನಾ ಕಾಯ್ಲಿ ಅಂತೇನು?"

ಹೆಂಗಸರು ನಕ್ಕರು. "ಬ್ಯಾರೆ ಸೀರಿ ತರ್ರಿ" ಎಂದಳು ಒಬ್ಬಳು.

"ನಮ್ಮವ್ವ ನೇಯ್ದದ್ದು. ಇದನ್ನ ಉಟ್ಟು ಕೂಡ್ತೀನಿ," ಎಂದಳು ದಾನಮ್ಮ. ಕೂತಳು. ಆರತಿ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಗುರುಬಸವ್ವ ಮಗಳತ್ತ ನೋಡಲಾರದೆ ನನ್ನತ್ತ ನೋಡಿದಳು. ಆ ನೋಟವನ್ನು ತಾಳುವುದು ನನಗೆ ಕಷ್ಟವಾಯಿತು.

ಮರುದಿನ ನನ್ನನ್ನೂ ಉಳಿದ ಲಡಿಯನ್ನೂ ಹೊತ್ತು ಅಂಗಡಿಗೆ ಹೋದಳು. "ಒಂದ್ ಹೆಜ್ಜಿ ಹೊರಗ ಬರ್ರಿ. ಇದನ್ನ ನೋಡ್ರಿ."

ಚನಮಲ್ಲಪ್ಪ ಗಾದಿಯಿಂದ ಏಳಲಿಲ್ಲ. "ಲೈಟ್ ಹಂಗ ತೋರಿಸಿದ್ರ ನಾ ಏನ್ ಮಾಡ್ಲಿ ತಂಗಿ?"

ಆಕೆ ನನ್ನನ್ನು ಗೋಡೆಗೆ ಒರಗಿಸಿ ಹೊರಟುಹೋದಳು.

ಈಗ ನನ್ನ ಎರಡೂ ತುದಿ ಕಪ್ಪಾಗಿವೆ. ಇಲ್ಲೇ ಚೀಲಗಳ ಹಿಂದೆ ಬಿದ್ದಿದ್ದೇನೆ. ಆಕೆ ನನ್ನಲ್ಲಿ ಇರುವುದನ್ನು ನಂಬಿದ್ದಳು. ಅವನು ನನ್ನಲ್ಲಿ ಇಲ್ಲದ್ದನ್ನು ಅರಿತೇ ನನ್ನನ್ನು ಆಕೆಯ ಕೈಗಿತ್ತ. ಬೆಳಕನ್ನೂ ಮೋಸಗೊಳಿಸಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಗುರುಬಸವ್ವ ಮಗ್ಗದ ನೆತ್ತಿಗೇ ಸರಿಯಾಗಿ ಮಣ್ಣಿನ ಮಾಳಿಗೆಯ ಚಾವಣಿ ಒಡೆಸಿ ಬೆಳಕಿಂಡಿ ಮಾಡಿಸಿದ್ದಾಳಂತೆ. ನೂಲು ಕೊಳ್ಳಲು ಬಂದವರು ಮಾತಾಡಿಕೊಳ್ಳುತ್ತಿದ್ದರು. ಮಳೆ ಬಂದರೆ ಸೀರೆಯೆಲ್ಲ ತೊಯ್ಯುತ್ತದಲ್ಲ ಎಂದು ನೆರೆಯವರು ಕೇಳಿದರಂತೆ.

"ತೊಯ್ದದ್ದು ಒಣಗತೈತಿ," ಅಂದಳಂತೆ.