ಮಂಡಿಯ ಮಾತ್ರೆ ಡಬ್ಬಿ

"ಡಬ್ಬಿಯಲ್ಲಿ ಕೆಂಪು-ಕಪ್ಪು ಕ್ಯಾಪ್ಸೂಲ್ ಹುಡುಕಿ ಎರಡು ನುಂಗು ತಾಯಿ. ನಾಳೆ ನಿನ್ನ ಕೂಗಿಗೆ ಚಾವಣಿ ಹಾರಿ ಹೋಗುತ್ತೆ!"

ತಕ್ಕಡಿಯ ಮೇಲಿಂದ ಟೊಮೆಟೊ ಕ್ರೇಟು ಇಳಿಸುತ್ತಾ ಹೀಗೆಂದವರು ತೂಕದ ಮಾವ. ಹೇಳಿದ್ದು ಮೈಕಕ್ಕನಿಗೆ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವಳ ಕೆಲಸ. ಅವಳು ಬಾಯಿ ಬಿಟ್ಟರೆ ಮಂಡಿಯ ಆ ತುದಿಯಲ್ಲಿ ತೂಕಡಿಸುವವರೂ ಎದ್ದು ಕೂರುತ್ತಾರೆ. ಅದಕ್ಕೇ ಆ ಹೆಸರು. ಈಗ ಪಾಪ, ನೆಗಡಿ ಬಂದು ಗಂಟಲು ಕಟ್ಟಿಹೋಗಿತ್ತು.

ತಕ್ಕಡಿಯ ಪಕ್ಕದ ಕಂಬಕ್ಕೆ ಒಂದು ಬಿಸ್ಕತ್ತಿನ ಡಬ್ಬಿ ನೇತುಹಾಕಿದ್ದರು. ಮಂಡಿಯಲ್ಲಿ ಯಾರಿಗೇ ಕಾಯಿಲೆ ವಾಸಿಯಾಗಲಿ, ಉಳಿದ ಮಾತ್ರೆ ಆ ಡಬ್ಬಿಗೆ. ಯಾರಿಗೇ ಮೈ ಬೆಚ್ಚಗಾಗಲಿ, ಕೈ ಆ ಡಬ್ಬಿಗೆ. ಬುತ್ತಿ, ಕೊಡೆ, ಮಾತ್ರೆ, ಎಲ್ಲವನ್ನೂ ಹಂಚಿಕೊಂಡು ಬದುಕುವ ಒಳ್ಳೆಯ ಜನ ಅವರು.

ಮೈಕಕ್ಕ ಎರಡು ನುಂಗಿದಳು. ಕೆಲವು ದಿನಕ್ಕೆ ಗಂಟಲು ಬಿಟ್ಟಿತು. "ನೋಡಿದ್ಯಾ ನಮ್ಮ ಡಬ್ಬಿ ಡಾಕ್ಟರ್‌ನ!" ಎಂದು ಮಾವ ಮೀಸೆ ತಿರುವಿದರು.

ಅದಾದ ಸ್ವಲ್ಪ ದಿನಕ್ಕೆ ಮೈಕಕ್ಕನ ಮಗಳು, ಆರನೇ ಕ್ಲಾಸಿನವಳು, ಶಾಲೆಯಿಂದ ಬಂದವಳೇ ಚೀಲ ಎಸೆದು ಮಲಗಿಬಿಟ್ಟಳು. ಮೈ ಕೆಂಡದ ಹಾಗೆ. ನೀರು ಕೊಟ್ಟರೆ ಒಂದು ಗುಟುಕು ನುಂಗಿ ಕಣ್ಣಲ್ಲಿ ನೀರು ತಂದುಕೊಂಡಳು.

"ಗಂಟಲು ಬಿದ್ದಿದೆ ಕಣೇ. ಬೆರಳಿಗೆ ಬೂದಿ ಹಚ್ಚಿ ಒಳಗೆ ಒತ್ತಿದ್ರೆ ಸರಿಹೋಗುತ್ತೆ" ಎಂದರು ಅತ್ತೆ, ತೋಳು ಮೇಲೇರಿಸುತ್ತಾ.

"ಬೇಡ ಅತ್ತೆ, ನನ್ನ ಹತ್ರ ಒಳ್ಳೆ ಮದ್ದಿದೆ" ಎಂದು ಮೈಕಕ್ಕ ಸೆರಗಿನ ಗಂಟು ಬಿಚ್ಚಿದಳು. ಡಬ್ಬಿಯಿಂದ ತಂದ ಕ್ಯಾಪ್ಸೂಲ್ ಇನ್ನೊಂದು ಅದರಲ್ಲಿತ್ತು.

ಅಷ್ಟರಲ್ಲಿ ಬಾಗಿಲಿಗೆ ಬಂದವರು ಪಕ್ಕದ ಮನೆಯ ನರ್ಸಕ್ಕ. ಆರೋಗ್ಯ ಕೇಂದ್ರದಲ್ಲಿ ಕೆಲಸ. "ಏನದು ಕೈಯಲ್ಲಿ? ಯಾರು ಬರೆದುಕೊಟ್ರು?"

"ಯಾರೂ ಇಲ್ಲ ನರ್ಸಕ್ಕ. ನಂಗೆ ಇದರಲ್ಲೇ ವಾಸಿ ಆಯ್ತು."

"ನಿಮಗೆ ಮೂಗು ಸೋರ್ತಿತ್ತು, ಕೆಮ್ಮಿತ್ತು. ನೆಗಡಿ ಜೊತೆ ಬಂದ ಗಂಟಲು ನೋವು ಸಾಮಾನ್ಯವಾಗಿ ತಾನಾಗೇ ವಾರದೊಳಗೆ ಹೋಗುತ್ತೆ. ನೀವು ಸುಮ್ಮನೆ ಕೂತಿದ್ರೂ ಹೋಗ್ತಿತ್ತು. ಹೆಸರು ಮಾತ್ರ ಆ ಕ್ಯಾಪ್ಸೂಲ್ ಹೊಡ್ಕೊಳ್ತು."

ಅತ್ತೆಗೆ ನಗು ತಡೆಯಲಾಗಲಿಲ್ಲ. ಮೈಕಕ್ಕನ ಮುಖ ಊದಿತು.

ನರ್ಸಕ್ಕ ಟಾರ್ಚು ತರಿಸಿ ಮಗುವಿನ ಬಾಯಿ ನೋಡಿದರು. ಒಳಗೆ ಕೆಂಪಗೆ ಊದಿಕೊಂಡಿತ್ತು, ಅಲ್ಲಲ್ಲಿ ಬಿಳಿ ಚುಕ್ಕೆ. ಕತ್ತು ಮುಟ್ಟಿದರೆ ದವಡೆಯ ಕೆಳಗೆ ಗಂಟು. "ಇವಳಿಗೆ ಕೆಮ್ಮಿಲ್ಲ, ನೆಗಡಿಯಿಲ್ಲ, ಜ್ವರ ಮಾತ್ರ ಜೋರಾಗಿದೆ. ಇದು ಬೇರೆ ಥರ ಇರಬಹುದು. ಊಹೆ ಮಾಡ್ಕೊಂಡು ಕೂರೋದು ಬೇಡ, ಈಗಲೇ ಡಾಕ್ಟರಿಗೆ ತೋರಿಸೋಣ."

"ಗಂಟಲು ನೋವಿಗೂ ಡಾಕ್ಟರಾ?" ಎಂದರು ಅತ್ತೆ.

"ಎಲ್ಲಾ ಗಂಟಲು ನೋವಿಗೂ ಬೇಡ ಅಮ್ಮ. ಇಂಥದ್ದಕ್ಕೆ ಬೇಕು. ಉಸಿರಾಡೋಕೆ ಕಷ್ಟ ಆದ್ರೆ, ಬಾಯಿ ತೆರೆಯೋಕೆ ಆಗದಿದ್ರೆ, ಎಂಜಲೂ ನುಂಗೋಕಾಗದೆ ಜೊಲ್ಲು ಸುರಿದ್ರೆ ಒಂದು ಗಳಿಗೆನೂ ಕಾಯಬಾರದು, ನೇರ ದೊಡ್ಡಾಸ್ಪತ್ರೆಗೆ ಓಡಬೇಕು. ಬೆರಳು ಮಾತ್ರ ಹಾಕಬೇಡಿ, ನಿಮಗೆ ಕೈ ಮುಗೀತೀನಿ."

ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲು ಸವರಿ ಪರೀಕ್ಷೆ ಮಾಡಿಸಿದರು. ನರ್ಸಕ್ಕನ ಅನುಮಾನ ನಿಜವಾಗಿತ್ತು. "ಇದು ಬ್ಯಾಕ್ಟೀರಿಯಾದಿಂದ ಬಂದದ್ದು. ಸರಿಯಾದ ಮಾತ್ರೆ, ಸರಿಯಾದ ಅಳತೆ, ಪೂರ್ತಿ ದಿನ. ನಡುವೆ ಬಿಟ್ರೆ ಕೆಲವು ಮಕ್ಕಳಿಗೆ ಮುಂದೆ ಹೃದಯಕ್ಕೇ ಪೆಟ್ಟು ಬೀಳಬಹುದು" ಎಂದರು.

ಹೃದಯ ಎಂದೊಡನೆ ಮೈಕಕ್ಕನ ಕೈ ಸೆರಗಿನ ಗಂಟಿಗೆ ಹೋಯಿತು. ಆ ಒಂಟಿ ಕ್ಯಾಪ್ಸೂಲ್ ಇನ್ನೂ ಅಲ್ಲೇ ಇತ್ತು. ಅದನ್ನು ಕೊಟ್ಟು, ಜ್ವರ ತುಸು ಇಳಿದು, ವಾಸಿಯಾಯಿತೆಂದು ತಾನು ಮಂಡಿಗೆ ಹೋಗಿಬಿಡುತ್ತಿದ್ದಳಲ್ಲ!

ಮನೆಯಲ್ಲಿ ನರ್ಸಕ್ಕ ಹೇಳಿದಂತೆಯೇ ಆರೈಕೆ ನಡೆಯಿತು. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು. ಗಂಟಲಲ್ಲಿ ಗಳಗಳ ಮಾಡಿ ಉಗಿಯಬೇಕು, ಕುಡಿಯಬಾರದು. ಮೆತ್ತಗಿನ ಗಂಜಿ, ಗುಟುಕು ಗುಟುಕಾಗಿ ನೀರು, ನಿದ್ದೆ. ಜ್ವರಕ್ಕೆ ಡಾಕ್ಟರು ತೂಕ ನೋಡಿ ಬರೆದಷ್ಟೇ ಮಾತ್ರೆ. ರಾತ್ರಿ ಮಲಗುವ ಮೊದಲು ಅತ್ತೆ ಒಂದು ಚಮಚ ಜೇನು ಕೊಟ್ಟರು. "ಇವಳಿಗೆ ಪರವಾಗಿಲ್ಲ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು" ಎಂದು ನರ್ಸಕ್ಕ ಹೇಳಿದ್ದರು. ಮಗಳ ಲೋಟ, ಚಮಚ ಬೇರೆ ಇಟ್ಟರು. ಕೆಮ್ಮು, ಸೀನು ಬಂದರೆ ಬಾಯಿಗೆ ಬಟ್ಟೆ ಅಡ್ಡ ಹಿಡಿ ಎಂದರು.

ಮಗಳು ಬೇಗ ಚೇತರಿಸಿಕೊಂಡಳು. ಜ್ವರ ಓಡಿಹೋಯಿತು. ಮಾತ್ರೆಯ ಹಾಳೆ ಇನ್ನೂ ಅರ್ಧ ತುಂಬಿತ್ತು.

ಅದೇ ಹೊತ್ತಿಗೆ ಮಂಡಿಯಲ್ಲಿ ತೂಕದ ಮಾವನ ದನಿ ಕಪ್ಪೆಯಂತಾಯಿತು. ಮೂಗು ಬೇರೆ ಸೋರುತ್ತಿತ್ತು. "ಮಗೂಗೆ ವಾಸಿ ಆಯ್ತಂತಲ್ಲ. ಉಳಿದ ಮಾತ್ರೆ ನಂಗೆ ತಂದುಕೊಡು ತಾಯಿ. ದುಬಾರಿ ಮಾತ್ರೆ ಅಂತೆ, ಒಳ್ಳೆ ಕೆಲಸ ಮಾಡುತ್ತೆ."

ಕಷ್ಟದಲ್ಲಿ ಎಷ್ಟೋ ಸಲ ಬುತ್ತಿ ಹಂಚಿಕೊಂಡ ಮನುಷ್ಯ. ಇಲ್ಲ ಎನ್ನುವುದು ಮೈಕಕ್ಕನಿಗೆ ಕಷ್ಟವೇ ಆಯಿತು.

"ಮಾವ, ನನ್ನ ಬುತ್ತಿ ಕೇಳಿ, ಪೂರ್ತಿ ಕೊಡ್ತೀನಿ. ಮಾತ್ರೆ ಕೊಡಲ್ಲ."

"ಆಹಾ, ಜಿಪುಣಿ ಆಗಿಬಿಟ್ಟೆಯಾ?"

"ಅದು ನನ್ನ ಮಗಳ ಪಾಲು ಮಾವ. ಅರ್ಧಕ್ಕೆ ನಿಲ್ಲಿಸಿದ್ರೆ ಅವಳಿಗೆ ಕೇಡು. ನಿಮ್ಮದು ನೆಗಡಿ, ಅದಕ್ಕೆ ಈ ಮಾತ್ರೆ ಏನೂ ಮಾಡಲ್ಲ. ಒಬ್ಬರಿಗೆ ಆಗೋದು ಇನ್ನೊಬ್ಬರಿಗೆ ಮೈಯೆಲ್ಲಾ ದದ್ದು ತರಿಸಿ ಉಸಿರು ಕಟ್ಟಿಸಬಹುದಂತೆ. ಬನ್ನಿ, ಬಿಸಿನೀರಿಗೆ ಉಪ್ಪು ಹಾಕಿಕೊಡ್ತೀನಿ."

"ನನ್ನನ್ನೇನು ಉಪ್ಪಿನಕಾಯಿ ಹಾಕ್ತೀಯಾ?"

"ಬಾಯಿ ಮುಕ್ಕಳಿಸಿ ಮಾರಾಯರೇ! ಕೈಯಲ್ಲಿರೋ ಸಿಗರೇಟೂ ಆಚೆ ಎಸೀರಿ. ವಾರ ಕಳೆದ್ರೂ ಕಡಿಮೆ ಆಗದಿದ್ರೆ, ಜ್ವರ ಏರಿದ್ರೆ, ನಾನೇ ಕೈ ಹಿಡಿದು ಡಾಕ್ಟರ ಹತ್ರ ಎಳೆದುಕೊಂಡು ಹೋಗ್ತೀನಿ."

ಕ್ರೇಟುಗಳ ಹಿಂದೆ ನಿಂತು ಮಾವ ಗಳಗಳ ಮಾಡಿದ ಸದ್ದಿಗೆ ಇಡೀ ಮಂಡಿ ನಕ್ಕಿತು. ಸಂಜೆ ಎಲ್ಲರೂ ಒಪ್ಪಿ ಕಂಬದ ಡಬ್ಬಿಯನ್ನು ಇಳಿಸಿ, ಮಾತ್ರೆಗಳನ್ನು ವಿಲೇವಾರಿ ಮಾಡಲು ನರ್ಸಕ್ಕನ ಕೈಗೆ ಕೊಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲೂ ಎಲ್ಲೋ ಒಂದು ಡಬ್ಬಿ, ಒಂದು ಡ್ರಾಯರು, ಒಂದು ಸೆರಗಿನ ಗಂಟು ಇದ್ದೇ ಇರುತ್ತದೆ. ಇವತ್ತೇ ಬಿಚ್ಚಿ ನೋಡಿ. ಅನ್ನ ಹಂಚಿ, ಕೆಲಸ ಹಂಚಿ, ಮಾತ್ರೆ ಹಂಚಬೇಡಿ. ಗಂಟಲು ನೋವಿಗೆ ಉಪ್ಪುನೀರು, ವಿಶ್ರಾಂತಿ ಸಾಕೋ, ಡಾಕ್ಟರು ಬೇಕೋ ತಿಳಿಯದಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಡಾಕ್ಟರು ಪೂರ್ತಿ ಮುಗಿಸಿ ಎಂದ ಮಾತ್ರೆಯನ್ನು ಕೊನೆಯದರವರೆಗೂ ನುಂಗಿ.

ಮಾತ್ರೆಯ ಕೊನೆಯ ದಿನ ಮೈಕಕ್ಕನ ಮಗಳು ಗೊಣಗಿದಳು: "ಅಮ್ಮಾ, ನಂಗೇನೂ ಆಗಿಲ್ಲ, ಇದೊಂದು ಬೇಡ."

"ಏನೂ ಆಗದೇ ಇರಲಿ ಅಂತಾನೇ ಇದೊಂದು" ಎಂದಳು ಮೈಕಕ್ಕ.

ಮಗಳು ನುಂಗಿ, ನೀರು ಕುಡಿದು, ಆಡಲು ಓಡಿದಳು. ಮೈಕಕ್ಕ ಖಾಲಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಎರಡಾಗಿ ಮಡಚಿ ಕಸದ ಬುಟ್ಟಿಗೆ ಹಾಕಿದಳು.